ಸ್ಟೀಲ್ ಗಿಟಾರಿಗೆ ಯಾವ ಮೈಕು? ಹೊಳಪಿನ ಬೆನ್ನು ಹತ್ತಬೇಡಿ

ಮನೆಯ ಒಂದು ಕೋಣೆಯನ್ನೇ ರೆಕಾರ್ಡಿಂಗ್ ರೂಮ್ ಮಾಡಿಕೊಂಡವರು ಕಲಬುರಗಿಯಲ್ಲಿ ಈಗ ಕಡಿಮೆ ಇಲ್ಲ. ವಚನ, ತತ್ವಪದ, ಭಜನೆ, ಜಾತ್ರೆಗೊಂದು ಹಾಡು, ಕ್ರಿಸ್ಮಸ್ಸಿಗೊಂದು ಗೀತೆ ಎಲ್ಲ ಅಂಥ ಕೋಣೆಗಳಲ್ಲೇ ತಯಾರಾಗಿ ಯೂಟ್ಯೂಬಿಗೆ ಹೋಗುತ್ತವೆ. ಹಾಡುವವರಿಗೆ, ಹಾರ್ಮೋನಿಯಮ್ಮಿಗೆ, ತಬಲಾಕ್ಕೆ ಮೈಕ್ ಎಲ್ಲಿಡಬೇಕೆಂಬುದು ಬಹುತೇಕರಿಗೆ ರೂಢಿಯಾಗಿದೆ. ಸ್ಟೀಲ್ ಗಿಟಾರಿನವರು, ಅಂದರೆ ಮಲಗಿಸಿಟ್ಟು ತಂತಿಯ ಮೇಲೆ ಉಕ್ಕಿನ ರಾಡು ಜಾರಿಸುವ ಹವಾಯಿಯನ್ ಗಿಟಾರಿನವರು, ಬಂದು ಕೂತಾಗ ಮಾತ್ರ ತಡವರಿಕೆ ಶುರುವಾಗುತ್ತದೆ. ಹಾಡಿಗೆ ಇಡುವ, ನವಿರು ಸದ್ದನ್ನೂ ಹಿಡಿಯುವ ದೊಡ್ಡ ಕಂಡೆನ್ಸರ್ ಮೈಕನ್ನೇ ಅದರ ಮುಂದೂ ತಂದಿಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡ ಮೊದಲ ನಿಮಿಷ ‘ಆಹಾ, ಎಷ್ಟು ಕ್ಲಿಯರ್’ ಅನ್ನಿಸುತ್ತದೆ. ಸಂಜೆ ಮಿಕ್ಸಿಂಗಿಗೆ ಕೂತಾಗ ಅದೇ ಕ್ಲಿಯರ್ ಕಿವಿ ಕೊರೆಯತೊಡಗುತ್ತದೆ. ಸದ್ದಿನ ಮೇಲಿನ, ಕೆಳಗಿನ ಭಾಗ ಏರಿಸಿ ಇಳಿಸುವ ಈಕ್ಯೂ ತಿರುಗಿಸಿ ತಿರುಗಿಸಿ ಕಡೆಗೆ ಗಿಟಾರಿನ ಜೀವವೇ ಹೋಗಿರುತ್ತದೆ.

ಈ ವಾದ್ಯದಲ್ಲಿ ಹೊಳಪು, ಅಂದರೆ ಮೇಲಿನ ಚೂಪು ಸದ್ದು, ಹುಟ್ಟಿನಿಂದಲೇ ಧಾರಾಳವಾಗಿದೆ. ಅದಕ್ಕೆ ಇನ್ನಷ್ಟು ಹೊಳಪು ಬಳಿಯುವ ಮೈಕ್ ಎಷ್ಟೇ ದುಬಾರಿಯದಾಗಿರಲಿ, ಇಲ್ಲಿಗೆ ಅದು ಸಲ್ಲದು. ಹಾಡಿನ ಮೈಕ್ ಆರಿಸುವಾಗ ನಾವು ‘ಮೇಲಿನ ಸದ್ದು ಎಷ್ಟು ಚೆನ್ನಾಗಿ ಹಿಡಿಯುತ್ತದೆ’ ಎಂದು ಕೇಳುತ್ತೇವೆ. ಸ್ಟೀಲ್ ಗಿಟಾರಿಗೆ ಕೇಳಬೇಕಾದದ್ದು ‘ಮೇಲಿನ ಸದ್ದನ್ನು ಎಷ್ಟು ಸುಮ್ಮನಿಡುತ್ತದೆ’ ಎಂದು.

ಕಾರಣ ವಾದ್ಯದ ಕಟ್ಟಿನಲ್ಲೇ ಇದೆ. ಸಾಮಾನ್ಯ ಗಿಟಾರಿನಲ್ಲಿ ಎಡಗೈ ಬೆರಳು ತಂತಿಯನ್ನು ಫ್ರೆಟ್ಟಿಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ, ಒತ್ತುತ್ತದೆ. ಇಲ್ಲಿ ತಂತಿಗಳು ಎತ್ತರದಲ್ಲಿರುತ್ತವೆ, ಫ್ರೆಟ್ಟಿಗೆ ತಾಕುವುದೇ ಇಲ್ಲ. ಮೇಲೆ ಜಾರುವುದು ಭಾರದ ಉಕ್ಕಿನ ರಾಡು. ಬಲಗೈ ಬೆರಳುಗಳಿಗೆ ಲೋಹದ ಪಿಕ್, ಮೀಟುವ ಜಾಗ ಹೊಟ್ಟೆಯ ಮೇಲೆ ತಂತಿಗಳನ್ನು ಹೊತ್ತ ಬ್ರಿಡ್ಜಿಗೆ ಹತ್ತಿರ. ತಂತಿ ಲೋಹ, ಒತ್ತುವುದು ಲೋಹ, ಮೀಟುವುದೂ ಲೋಹ ಎಂದಮೇಲೆ ಮೇಲಿನ ಅನುರಣನಗಳನ್ನು ನುಂಗುವ ಮೆತ್ತನೆಯ ಪದಾರ್ಥ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅವೆಲ್ಲ ಹಾಗೇ ಉಳಿದು ಬಹುಪಾಲು 2,000ದಿಂದ 5,000 ಹರ್ಟ್ಜ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನ) ಪಟ್ಟಿಯಲ್ಲಿ ಗುಂಪುಗೂಡುತ್ತವೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅದೇ ಪಟ್ಟಿಯಲ್ಲಿ. ಹಾಡಿನಲ್ಲಿ ಮಾತು ಸ್ಪಷ್ಟವಾಗಿ ಕೇಳಲೆಂದು ಬಹಳಷ್ಟು ಮೈಕುಗಳನ್ನು ಸುಮಾರು ಇದೇ ಭಾಗದಲ್ಲಿ, ಇಲ್ಲವೆ ಇನ್ನೂ ಮೇಲೆ, ಸ್ವಲ್ಪ ಉಬ್ಬಿಸಿ ಮಾಡಿರುತ್ತಾರೆ. ಎರಡೂ ಸೇರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಎಲೆಕ್ಟ್ರಿಕ್ ಸ್ಟೀಲ್ ಗಿಟಾರ್ ನುಡಿಸುವವರ ಕಾಲ ಕೆಳಗೆ ವಾಲ್ಯೂಮ್ ಪೆಡಲ್ ಇರುತ್ತದೆ. ಸ್ವರ ಹುಟ್ಟಿದಾಗ ಪೆಡಲ್ ಅರ್ಧದಲ್ಲಿರುತ್ತದೆ. ಸ್ವರ ಕ್ಷೀಣಿಸುತ್ತ ಹೋದಂತೆ ಕಾಲು ಮೆಲ್ಲಗೆ ಪೆಡಲನ್ನು ಒತ್ತುತ್ತ, ಸದ್ದನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸುತ್ತದೆ. ಆ ಉದ್ದನೆಯ, ಕೊರಳಿನಂಥ ನಾದ ಬರುವುದೇ ಹೀಗೆ. ಆದರೆ ಪೆಡಲ್ ಸ್ವರವನ್ನಷ್ಟೇ ಎತ್ತುವುದಿಲ್ಲ, ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್ಪಿನಲ್ಲಿರುವ ಗುಂಯ್ ಸದ್ದನ್ನೂ ಜೊತೆಗೇ ಎತ್ತುತ್ತದೆ. ಹಾಗಾಗಿ ಗದ್ದಲ ಅತಿ ಜೋರಾಗಿ ಕೇಳುವುದು ಸ್ವರದ ಬಾಲದಲ್ಲಿ, ಅಂದರೆ ಕೇಳುಗ ಉಸಿರು ಹಿಡಿದು ಕೂತ ಜಾಗದಲ್ಲೇ. ಉಳಿದ ವಾದ್ಯಗಳಿಗೆ ನಡೆದುಹೋಗುವ ವೈರಿಂಗ್ ಇದಕ್ಕೆ ನಡೆಯುವುದಿಲ್ಲ. ಕರೆಂಟಿನ ಮಾತು ಮುಂದೆ ಬರುತ್ತದೆ.

ವಾದ್ಯದ ಊರು ಹವಾಯಿ. 19ನೇ ಶತಮಾನದ ಕೊನೆಗೆ ಈ ಬಗೆಯ ವಾದನ ರೂಪುಗೊಂಡ ಹಿರಿಮೆಯನ್ನು ಸಾಮಾನ್ಯವಾಗಿ ಜೋಸೆಫ್ ಕೆಕುಕು ಎಂಬಾತನಿಗೆ ಕೊಡುತ್ತಾರೆ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರುಕಟ್ಟೆಗೆ ತಂದ ‘ಫ್ರೈಯಿಂಗ್ ಪ್ಯಾನ್’ ಎಂಬ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ. ಇಂದಿನ ರಾಕ್ ಗಿಟಾರುಗಳ ಪೂರ್ವಜ ಅದು ಎಂದರೆ ಎಷ್ಟೋ ಹುಡುಗರು ನಂಬುವುದಿಲ್ಲ. ನಮ್ಮ ದೇಶದಲ್ಲಿ ಕಲ್ಕತ್ತೆ ಇದರ ತವರಾಯಿತು. ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಸಿನಿಮಾ ಹಾಡುಗಳನ್ನು ಇದರಲ್ಲಿ ನುಡಿಸಿ ಮನೆಮನೆಗೆ ತಲುಪಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ರಾಗದ ದಾರಿಗೆ ತಂದರು, ವಿಶ್ವಮೋಹನ್ ಭಟ್ ತಾವಾಗಿ ಮಿಡಿಯುವ ತರಫಿನ ತಂತಿ ಸೇರಿಸಿ ಮೋಹನ ವೀಣೆ ಮಾಡಿದರು. ಗೋಟುವಾದ್ಯ, ವಿಚಿತ್ರ ವೀಣೆ ಕೇಳಿದ ಕಿವಿಗೆ ಈ ಜಾರುವ ನಾದ ಹೊಸದೇನಲ್ಲ.

ಯಾವ ಮೈಕ್ ಎನ್ನುವುದಕ್ಕೆ ಮೊದಲು ಯಾವ ಗಿಟಾರ್ ಎಂದು ನೋಡಬೇಕು. ಕಾಲಿಲ್ಲದೆ ತೊಡೆ ಮೇಲೆ ಕೂರುವ ಎಲೆಕ್ಟ್ರಿಕ್ ಹವಾಯಿಯನ್ ಒಂದು. ನಾಲ್ಕು ಕಾಲಿನ ಮೇಲೆ ನಿಂತು, 10 ತಂತಿ, ಕೆಳಗೆ ತಂತಿಯ ಶ್ರುತಿ ಬದಲಿಸುವ ಪೆಡಲು, ಮೊಣಕಾಲಿಗೆ ಲಿವರು ಇರುವ ಪೆಡಲ್ ಸ್ಟೀಲ್ ಇನ್ನೊಂದು. ಅಮೆರಿಕದ ಕಂಟ್ರಿ ಸಂಗೀತದ್ದು ಅದು, ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಮೂರನೆಯದು ಕರೆಂಟು ಬೇಡದ ಅಕೌಸ್ಟಿಕ್: ಕುತ್ತಿಗೆಯ ತುದಿಯ ನಟ್ಟಿಗೆ ಲೋಹದ ತುಂಡು ಸಿಕ್ಕಿಸಿ ತಂತಿ ಎತ್ತರಿಸಿದ ಮಾಮೂಲಿ ಗಿಟಾರ್, ಹೊಟ್ಟೆಯಲ್ಲಿ ಲೋಹದ ಕೋನ್ ಇರುವ ರೆಸೊನೇಟರ್, ತರಫ್ ಇರುವ ಮೋಹನ ವೀಣೆಯ ಬಳಗ. ಮೊದಲೆರಡಕ್ಕೆ ಮೈಕ್ ಕೇಳುವುದು ಗಿಟಾರನ್ನಲ್ಲ, ಸ್ಪೀಕರನ್ನು. ಮೂರನೆಯದಕ್ಕೆ ಮರವನ್ನೂ ಲೋಹವನ್ನೂ ನೇರವಾಗಿ ಕೇಳುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಉತ್ತರ ಇಲ್ಲ.

ಎಲೆಕ್ಟ್ರಿಕ್ ಆದರೆ

ಎಲ್ಲಕ್ಕಿಂತ ಸುಲಭವಾಗಿ ಕಾಣುವ ದಾರಿ ಗಿಟಾರಿನ ಕೇಬಲ್ಲನ್ನು ನೇರ ಇಂಟರ್ಫೇಸಿಗೆ, ಅಂದರೆ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಗೆ, ಚುಚ್ಚುವುದು. ಇಲ್ಲಿ ಇಂಪಿಡೆನ್ಸ್ (ಸಿಗ್ನಲ್ಲಿಗೆ ಸಿಗುವ ತಡೆ) ಎಂಬ ಒಂದು ವಿಷಯ ಗೊತ್ತಿರಬೇಕು. ಸ್ಟೀಲ್ ಗಿಟಾರಿನ ಪಿಕಪ್ಪಿಗೆ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಪೆಡಲ್ ಸ್ಟೀಲಿನಲ್ಲಿ ಆ ಸುರುಳಿಯ ರೋಧವೇ 15–20 ಕಿಲೊಓಮ್‌ವರೆಗೆ ಇರುತ್ತದೆ. ಅದನ್ನು ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ, ಅಲ್ಲಿನ 10 ಕಿಲೊಓಮ್ ಆಸುಪಾಸಿನ ಹೊರೆ ಸಿಗ್ನಲ್ಲನ್ನು ಅದುಮಿಬಿಡುತ್ತದೆ, ನಾದ ಕಂಬಳಿ ಹೊದ್ದಂತಾಗುತ್ತದೆ. ಇಂಟರ್ಫೇಸಿನಲ್ಲಿ ‘ಇನ್ಸ್ಟ್’ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ. ಸುಮಾರು 10 ಲಕ್ಷ ಓಮ್‌ನ ಇನ್‌ಪುಟ್ ತೆರೆಯುತ್ತದೆ. ಇಲ್ಲದಿದ್ದರೆ ಅದೇ ಕೆಲಸ ಮಾಡುವ ಆಕ್ಟಿವ್ ಡಿಐ ಬಾಕ್ಸ್ ಎಂಬ ಸಣ್ಣ ಡಬ್ಬಿ ಬೇಕು. ವಾಲ್ಯೂಮ್ ಪೆಡಲ್ ಇದ್ದರೆ ಅದು ಗಿಟಾರಿಗೂ ಡಿಐಗೂ ನಡುವೆ. ಕೇಬಲ್ ಉದ್ದವಾದಷ್ಟೂ ಮೇಲಿನ ಸದ್ದು ಸ್ವಲ್ಪ ಸೋರುತ್ತದೆ. ಸ್ಟೀಲ್ ಗಿಟಾರಿನ ಮಟ್ಟಿಗೆ ಅದೂ ಒಮ್ಮೊಮ್ಮೆ ಒಳ್ಳೆಯದಕ್ಕೇ ಆಗುತ್ತದೆ.

ಇಷ್ಟು ಸರಿಯಾಗಿ ಮಾಡಿದರೂ ನೇರ ಸಿಗ್ನಲ್ ಒರಟಾಗಿಯೇ ಕೇಳುತ್ತದೆ. ಏಕೆಂದರೆ ಗಿಟಾರ್ ಆಂಪಿನ (ಆಂಪ್ಲಿಫೈಯರಿನ) ಸ್ಪೀಕರ್ 5,000 ಹರ್ಟ್ಜ್ ದಾಟಿದ ಮೇಲೆ ದಡದಡನೆ ಇಳಿದುಬಿಡುತ್ತದೆ. ನಾವು ಇಷ್ಟಪಡುವ ಸ್ಟೀಲ್ ಗಿಟಾರಿನ ನಾದದಲ್ಲಿ ಈ ಇಳಿತವೇ ಅರ್ಧ ಪಾಲು. ನೇರ ದಾರಿಯಲ್ಲಿ ಅದು ಇಲ್ಲ. ಆಂಪ್ ಇಲ್ಲದವರು ಸಾಫ್ಟ್‌ವೇರಿನ ಸ್ಪೀಕರ್ ಸಿಮ್ಯುಲೇಶನ್ ಹಾಕಬಹುದು, ಏನೂ ಇಲ್ಲದಿದ್ದರೆ 5–6 ಸಾವಿರದ ಮೇಲೆ ಇಳಿಸುವ ಸಾದಾ ಫಿಲ್ಟರ್ ಸಾಕು. ನಾನಂತೂ ಆಂಪ್ ಇದ್ದಾಗ ಆಂಪಿನ ಪರ. ಪೆಡಲ್ ಸ್ಟೀಲಿನವರು 15 ಇಂಚಿನ ಸ್ಪೀಕರ್ ಇಷ್ಟಪಡುವುದೂ ಸುಮ್ಮನೆ ಅಲ್ಲ. ದೊಡ್ಡ ಕೋನ್ ಕೆಳಗಿನ ಭಾಗವನ್ನು ತುಂಬಿಕೊಡುತ್ತದೆ. ನಮ್ಮ ಆರ್ಕೆಸ್ಟ್ರಾದವರ ಹತ್ತಿರ ಸಾಮಾನ್ಯವಾಗಿ ಇರುವುದು 8 ಅಥವಾ 10 ಇಂಚಿನ ಸಣ್ಣ ಆಂಪು. ಅದೂ ನಡೆಯುತ್ತದೆ, ಆದರೆ ನೆಲದ ಮೇಲಿಂದ ಎತ್ತಿ ಒಂದು ಸ್ಟೂಲಿನ ಮೇಲಿಡಿ.

ಮೈಕನ್ನು ಸ್ಪೀಕರಿನ ಎಲ್ಲಿಗೆ ಗುರಿಯಿಡುತ್ತೀರಿ ಎನ್ನುವುದು ಯಾವ ಮೈಕ್ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಮೊಬೈಲಿನ ಟಾರ್ಚ್ ಹಚ್ಚಿ ಆಂಪಿನ ಮುಂದಿನ ಬಟ್ಟೆಗೆ ಒತ್ತಿ ಹಿಡಿಯಿರಿ. ಒಳಗೆ ಕೋನ್, ಅದರ ನಟ್ಟನಡುವೆ ಬಟ್ಟಲು ಕವಚಿಟ್ಟಂಥ ಗುಂಡು ಟೋಪಿ ಕಾಣುತ್ತದೆ. ಆ ಟೋಪಿಯ ನೇರಕ್ಕೆ ಮೈಕ್ ಇಟ್ಟರೆ ಅತಿ ಚೂಪು. ಟೋಪಿ ಮುಗಿದು ಕೋನ್ ಶುರುವಾಗುವ ಗೆರೆಗೆ ಸರಿಸಿದರೆ ಸಮ. ಕೋನಿನ ಅಂಚಿನತ್ತ ಹೋದಂತೆಲ್ಲ ಮಂದ, ಗುಂಡು. ಬಟ್ಟೆಯ ಮೇಲೆ ಚಾಕ್‌ಪೀಸಿನಿಂದ ಟೋಪಿಯ ಅಂಚಿಗೆ ಒಂದು ಗುರುತು ಹಾಕಿಕೊಳ್ಳಿ. ಗಿಟಾರಿನವರಿಗೆ ಮೇಲಿನ ಸಪ್ತಕದಲ್ಲಿ ಒಂದೇ ಸ್ವರ ಹಿಡಿಯಲು ಹೇಳಿ, ನೀವು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಬೆರಳಗಲ ಬೆರಳಗಲ ಹೊರಕ್ಕೆ ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ಚುಚ್ಚುವುದು ನಿಂತು ಸ್ವರ ದುಂಡಗಾಗುತ್ತದೆ. ಅಲ್ಲಿ ಸ್ಟ್ಯಾಂಡ್ ಬಿಗಿ ಮಾಡಿ. ನನ್ನ ಅನುಭವದಲ್ಲಿ ಸ್ಟೀಲ್ ಗಿಟಾರಿಗೆ ಆ ಜಾಗ ಗುರುತಿನಿಂದ ಹೊರಗೇ ಸಿಗುತ್ತದೆ, ಒಳಗೆ ಸಿಕ್ಕಿದ್ದು ಇಲ್ಲ.

ದೂರದ್ದು ಬೇರೆ ಲೆಕ್ಕ. ಒಂದೇ ದಿಕ್ಕಿನಿಂದ ಕೇಳುವ ಮೈಕನ್ನು ಬಟ್ಟೆಗೆ ತಾಕಿಸಿಟ್ಟರೆ ಕೆಳಗಿನ ಸದ್ದು ಉಬ್ಬುತ್ತದೆ. ಸಣ್ಣ ಸ್ಪೀಕರಿಗೆ ಇದು ವರ, 15 ಇಂಚಿನದಕ್ಕೆ ಕಾಟ. ಒಂದು ಗೇಣು ಹಿಂದಕ್ಕೆ ಎಳೆದರೆ ಉಬ್ಬು ತಗ್ಗಿ, ಕೋನಿನ ಎಲ್ಲ ಭಾಗದ ಸದ್ದೂ ಬೆರೆತು ಬರುತ್ತದೆ, ಜೊತೆಗೆ ಕೋಣೆಯೂ ಬರುತ್ತದೆ. ಕೋಣೆ ಚೆನ್ನಾಗಿದ್ದರೆ ಹಿಂದಕ್ಕೆ, ಇಲ್ಲದಿದ್ದರೆ ಹತ್ತಿರಕ್ಕೆ ಎಂದಿಟ್ಟುಕೊಳ್ಳಬಹುದು.

ಈಗ ಹೆಸರುಗಳು. ಶೂರ್ ಎಸ್‌ಎಂ57 ಎಲ್ಲರ ಬಳಿ ಇರುವ, ಹೊರಗಿನ ಕರೆಂಟು ಬೇಡದ ಡೈನಾಮಿಕ್ ಮೈಕ್, 1965ರಿಂದ ಇದೆ. ಕೆಳಗೆ ಬಿದ್ದರೂ ಬದುಕುತ್ತದೆ. 5–6 ಸಾವಿರ ಹರ್ಟ್ಜ್ ಸುತ್ತ ಅದಕ್ಕೊಂದು ಉಬ್ಬಿದೆ, ಆದ್ದರಿಂದ ನಡುಮಧ್ಯಕ್ಕೆ ಗುರಿಯಿಡಬೇಡಿ. ಗುರುತಿನ ಹೊರಗೆ, ಸ್ವಲ್ಪ ಓರೆಯಾಗಿ ಇಟ್ಟರೆ ಒಳ್ಳೆಯ ಕೆಲಸ ಮಾಡುತ್ತದೆ. ಸೆನ್‌ಹೈಸರ್ ಎಂಡಿ421 ಇದಕ್ಕಿಂತ ತುಂಬಿದ ನಾದದ್ದು. ರೇಡಿಯೊ ಸ್ಟುಡಿಯೊಗಳಲ್ಲಿ ಮಾತಿಗೆ ಬಳಸುವ ಎಲೆಕ್ಟ್ರೊವಾಯ್ಸ್ ಆರ್‌ಇ20 ಇನ್ನೊಂದು ಒಳ್ಳೆಯ ಆಯ್ಕೆ; ಹತ್ತಿರಕ್ಕಿಟ್ಟರೂ ಕೆಳಗಿನ ಸದ್ದು ಉಬ್ಬದಂತೆ ಅದನ್ನು ಕಟ್ಟಿದ್ದಾರೆ. ಆದರೆ ಸ್ಟೀಲ್ ಗಿಟಾರಿಗೆಂದೇ ಹುಟ್ಟಿದಂತಿರುವುದು ರಿಬ್ಬನ್. ಎರಡು ಕಾಂತಗಳ ನಡುವೆ ಕೂದಲಿಗಿಂತ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ ತೂಗುತ್ತಿರುತ್ತದೆ. ಮೇಲಿನ ಸದ್ದನ್ನು ಅದು ಉಬ್ಬಿಸುವುದಿಲ್ಲ, ನಿಧಾನಕ್ಕೆ ಇಳಿಸುತ್ತದೆ. ಮೀಟಿದ ಲೋಹದ ಪಿಕ್ಕಿನ ‘ಟಿಕ್’ ಕೇಳುತ್ತದೆ, ಚುಚ್ಚುವುದಿಲ್ಲ. ರಾಯರ್ ಆರ್-121 ಈ ಜಾತಿಯಲ್ಲಿ ಹೆಸರಾದದ್ದು, ಬೆಲೆ ಲಕ್ಷ ದಾಟುತ್ತದೆ. ಅದರ ಎಷ್ಟೋ ಪಾಲು ಕಡಿಮೆಗೆ ಸಿಗುವ ಸಾದಾ ರಿಬ್ಬನ್‌ಗಳೂ ಆಂಪಿನ ಮುಂದೆ ಮರ್ಯಾದೆ ಉಳಿಸುತ್ತವೆ, ಏಕೆಂದರೆ ಇಲ್ಲಿ 5,000ದ ಮೇಲೆ ಹಿಡಿಯುವುದಕ್ಕೆ ಅಷ್ಟೇನೂ ಇಲ್ಲ.

ಅದೇ ಕಾರಣಕ್ಕೆ ‘20,000 ಹರ್ಟ್ಜ್‌ವರೆಗೆ’ ಎಂದು ಡಬ್ಬಿಯ ಮೇಲೆ ಬರೆದ ಕಂಡೆನ್ಸರಿಗೆ ಆಂಪಿನ ಮುಂದೆ ವಿಶೇಷವೇನೂ ಸಿಗುವುದಿಲ್ಲ, ಆಂಪಿನ ಹಿಸ್ ಒಂದನ್ನು ಬಿಟ್ಟು. ರಿಬ್ಬನ್ ಬಳಸುವವರು ಎರಡು ಎಚ್ಚರ ವಹಿಸಬೇಕು. ಫ್ಯಾಂಟಮ್ ಪವರ್, ಅಂದರೆ ಕೇಬಲ್ಲಿನಲ್ಲೇ ಮೈಕಿಗೆ ಕರೆಂಟು ಕಳಿಸುವ 48 ವೋಲ್ಟ್ ಗುಂಡಿ, ಆಫ್ ಇರಲಿ. ಕೇಬಲ್ ಸರಿಯಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಒಳಗೆ ಒಂದು ಬೆಸುಗೆ ಬಿಟ್ಟ ಕೇಬಲ್ ಸಾಕು ಪಟ್ಟಿ ಹಾಳಾಗಲು. ಎರಡನೆಯದು ಗಾಳಿ. ಊದಿ ‘ಹಲೋ ಹಲೋ ಚೆಕ್’ ಅನ್ನುವವರ ಕೈಗೆ ರಿಬ್ಬನ್ ಕೊಡಲೇಬೇಡಿ.

ಕೆಲವರು ಜಾಣತನ ಮಾಡಿ ನೇರ ಸಿಗ್ನಲ್ಲನ್ನೂ ಮೈಕನ್ನೂ ಎರಡು ಟ್ರ್ಯಾಕಿನಲ್ಲಿ ಹಿಡಿಯುತ್ತಾರೆ. ಒಳ್ಳೆಯದೇ, ಆದರೆ ಈ ವಾದ್ಯದಲ್ಲಿ ಅದರ ಅಪಾಯ ಉಳಿದವಕ್ಕಿಂತ ಹೆಚ್ಚು. ಮೈಕ್ ಸ್ಪೀಕರಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಗಾಳಿಯಲ್ಲಿ ಬರುವ ಸದ್ದು ತಂತಿಯಲ್ಲಿ ಬಂದದ್ದಕ್ಕಿಂತ 0.9 ಮಿಲಿಸೆಕೆಂಡಿನಷ್ಟು ತಡ. 48 ಕಿಲೊಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 42 ಸ್ಯಾಂಪಲ್ (ಕಂಪ್ಯೂಟರ್ ಅಳೆದಿಡುವ ಸದ್ದಿನ ತುಣುಕು). ಎರಡನ್ನೂ ಸಮಸಮ ಬೆರೆಸಿದರೆ 570 ಹರ್ಟ್ಜ್ ಆಸುಪಾಸು ಒಂದನ್ನೊಂದು ಹೊಡೆದುಹಾಕುತ್ತವೆ, ಅದರ ಮೂರರಷ್ಟು, ಐದರಷ್ಟು ಜಾಗಗಳಲ್ಲೂ ಹಾಗೇ. ಸಾಮಾನ್ಯ ಗಿಟಾರಿನಲ್ಲಿ ಇದರಿಂದ ಒಂದೆರಡು ಸ್ವರ ಸೊರಗುತ್ತವೆ, ಅಷ್ಟೆ. ಸ್ಟೀಲ್ ಗಿಟಾರಿನಲ್ಲಿ ಸ್ವರ ಜಾರುತ್ತ ಆ ಹಳ್ಳದ ಮೂಲಕವೇ ಹಾದುಹೋಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಚೆಂದದ ಮೀಂಡ್ ನಟ್ಟನಡುವೆ ಮುಳುಗಿ ಮತ್ತೆ ಏಳುತ್ತದೆ, ತಪ್ಪು ನುಡಿಸಿದವರದೆಂದು ಕೇಳುವವರಿಗೆ ಅನ್ನಿಸುತ್ತದೆ. ಪರಿಹಾರ ಸುಲಭ: ಮೈಕಿನ ಟ್ರ್ಯಾಕನ್ನು ತೆರೆಯ ಮೇಲೆ ಹಿಗ್ಗಿಸಿ ನೋಡಿ, ಪಿಕ್ ತಾಕಿದ ಮೊದಲ ಗೆರೆ ನೇರ ಟ್ರ್ಯಾಕಿನದಕ್ಕೆ ಸರಿಹೊಂದುವಂತೆ ಹಿಂದಕ್ಕೆ ಎಳೆಯಿರಿ. ಆಮೇಲೂ ನಾದ ಟೊಳ್ಳಾಗಿದ್ದರೆ ಒಂದರ ಪೊಲ್ಯಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ.

ತೊಡೆಯ ಮೇಲಿನ ಮರ

ಅಕೌಸ್ಟಿಕ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದಾಗ ಅದರ ಹೊಟ್ಟೆ ನೋಡುವುದು ಎದುರಿಗಲ್ಲ, ಸೂರಿಗೆ. ಮುಂದೆ ಮೈಕ್ ಇಡುವವರು ಇದನ್ನೇ ಮರೆಯುತ್ತಾರೆ. ಮೈಕ್ ಮೇಲಿಂದ ಕೆಳಕ್ಕೆ ನೋಡಬೇಕು, 30–40 ಸೆಂಟಿಮೀಟರ್ ಎತ್ತರದಿಂದ, ಕೇಳುಗರು ಕೂರುವ ಕಡೆಯಿಂದ ಬಾಗಿ. ನುಡಿಸುವವರ ಕಡೆಯಿಂದ ಇಟ್ಟರೆ ಅವರ ಉಸಿರು ಮೊದಲು ಬರುತ್ತದೆ, ಗಿಟಾರ್ ಆಮೇಲೆ.

ನಮ್ಮ ಕಡೆಯ ಹಿರಿಯ ವಾದಕರೊಬ್ಬರ ಮುಂದೆ ಸ್ಟ್ಯಾಂಡ್ ಹೊಂದಿಸುತ್ತಿದ್ದೆ. ಮೈಕಿನ ಮೂತಿ ಕುತ್ತಿಗೆಯ ಕಡೆ ತಿರುಗಿತ್ತು.

“ಏ ತಮ್ಮಾ, ರಾಡ್ ಕಡೀ ಯಾಕ ಹಿಡೀಲತ್ತಿ ಅದನ? ನನ್ನ ಕೈ ಸಪ್ಪಳ ಕೇಳಸ್ಬೇಕಂತಿ ಏನ್ ಮಂದಿಗಿ?”

“ಇಲ್ರಿ ಮಾಸ್ತರ್, ಅಲ್ಲಿ ಸೌಂಡ್ ಸ್ವಲ್ಪ ತೆಳ್ಳಗ ಬರ್ತದಂತ…”

“ತೆಳ್ಳಗ ಬೇಕಿದ್ರ ಬ್ಯಾರೆ ವಾದ್ಯ ತರ್ತಿದ್ದೆ. ಹೊಟ್ಟಿ ಕಡೀ ತಿರಿಗಿಸು.”

ಅವರು ಹೇಳಿದ್ದರಲ್ಲಿ ಪೂರ್ತಿ ಶಾಸ್ತ್ರವೇ ಇತ್ತು. ಸುತ್ತಿದ ತಂತಿಯ ಮೇಲೆ ರಾಡು ಜಾರುವಾಗ ‘ಸರ್‌ರ್’ ಎಂಬ ಕೆರೆತ ಹುಟ್ಟುತ್ತದೆ, ಅದು ಕುತ್ತಿಗೆಯ ಮೇಲೆ. ರಾಡಿನ ಹಿಂದೆ ಉಳಿದ ತಂತಿಯನ್ನು ಎಡಗೈಯ ಹಿಂಬೆರಳುಗಳು ಮುಚ್ಚಿ ಹಿಡಿಯದಿದ್ದರೆ ಅದೂ ಬೇರೆ ಸ್ವರ ನುಡಿಯುತ್ತದೆ, ಅದೂ ಅಲ್ಲೇ. ಸೌಂಡ್ ಹೋಲಿಗೆ ನೇರ ಗುರಿಯಿಟ್ಟರೆ ಹೊಟ್ಟೆಯೊಳಗಿನ ಗಾಳಿಯ ಅನುರಣನ 100 ಹರ್ಟ್ಜ್ ಸುತ್ತ ಬುಂ ಅನ್ನುತ್ತದೆ. ಬ್ರಿಡ್ಜಿನ ಮೇಲೇ ಇಟ್ಟರೆ ಲೋಹದ ಪಿಕ್ಕುಗಳ ಟಕಟಕ. ಉಳಿಯುವುದು ಹೋಲಿಗೂ ಬ್ರಿಡ್ಜಿಗೂ ನಡುವೆ, ಮಂದ್ರ ತಂತಿಗಳ ಬದಿಗೆ, ಮರದ ಅಗಲವಾದ ಭಾಗ. ಅಲ್ಲಿಂದ ಶುರು ಮಾಡಿ, ಕಿವಿ ಹೇಳಿದತ್ತ ಒಂದೆರಡು ಇಂಚು ಸರಿಯಿರಿ. ರೆಸೊನೇಟರಿನ ಕೋನ್ ಜೋರಾಗಿ ಕೂಗುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ದೂರ ಬೇಕು.

ಇಲ್ಲಿ ಕಂಡೆನ್ಸರಿಗೆ ಜಾಗ ಇದೆ. ಅಕೌಸ್ಟಿಕ್ ಗಿಟಾರಿನ ಸದ್ದು ಸಣ್ಣದು, ಡೈನಾಮಿಕ್ ಅಥವಾ ರಿಬ್ಬನ್ ಬಳಸಿದರೆ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ, 60 ಡೆಸಿಬಲ್ಲಿನತ್ತ ಏರಿಸಬೇಕಾಗುತ್ತದೆ, ಅಗ್ಗದ ಇಂಟರ್ಫೇಸು ಅಲ್ಲಿ ಹಿಸ್ ಮಾಡುತ್ತದೆ. ಸಣ್ಣ ಡಯಾಫ್ರಮ್‌ನ, ಪೆನ್ನಿನಂಥ ಕಂಡೆನ್ಸರ್ ಒಳ್ಳೆಯದು. ಮೇಲೆ ಉಬ್ಬಿಲ್ಲದ ಮಾದರಿ ಆರಿಸಿ. ತರಫ್ ಇರುವ ವಾದ್ಯವಾದರೆ ನನ್ನ ವಾದವನ್ನು ನಾನೇ ಸ್ವಲ್ಪ ಸಡಿಲಿಸುತ್ತೇನೆ. ಮೋಹನ ವೀಣೆಯ ಸುಮಾರು 20 ತಂತಿಗಳಲ್ಲಿ 12 ತರಫಿನವು. ಅವನ್ನು ಯಾರೂ ರಾಡಿನಿಂದ ಮುಟ್ಟುವುದಿಲ್ಲ, ತಾವಾಗಿ ಮಿಡಿಯುತ್ತವೆ. ಆ ನವಿರು ಮಿನುಗು ಬಹಳ ಮೇಲಿನ ಪಟ್ಟಿಯಲ್ಲಿರುತ್ತದೆ, ರಿಬ್ಬನ್ ಅದನ್ನು ಮಸುಕು ಮಾಡಬಹುದು. ವಿಶ್ವಮೋಹನ್ ಭಟ್ ಮತ್ತು ಗಿಟಾರ್ ವಾದಕ ರೈ ಕೂಡರ್ ಕೂಡಿ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದ ಧ್ವನಿಮುದ್ರಣ ನಡೆದದ್ದು ಅಮೆರಿಕದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ. ಒಂದೊಂದು ವಾದ್ಯಕ್ಕೆ ಒಂದೊಂದು ಮೈಕ್ ಹಂಚಲಿಲ್ಲ. ಬ್ಲೂಮ್‌ಲೈನ್ ಎಂಬ ಕ್ರಮದಲ್ಲಿ, ಎಂಟರ ಆಕಾರದಲ್ಲಿ, ಅಂದರೆ ಮುಂದೆ ಹಿಂದೆ ಎರಡೂ ಕಡೆ, ಕೇಳುವ ಎರಡು ಮೈಕುಗಳನ್ನು 90 ಡಿಗ್ರಿಗೆ ಅಡ್ಡಡ್ಡ ಇಟ್ಟು ಇಡೀ ಜಾಗವನ್ನೇ ಹಿಡಿದರು. ಹಾಗೆ ಮಾಡಲು ಅಂಥ ಜಾಗ ಬೇಕು. ನಮ್ಮ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಅದೇ ಮೈಕುಗಳು ಗೋಡೆಗಳನ್ನು ಹಿಡಿದುಕೊಡುತ್ತವೆ.

ಕೋಣೆ, ಫ್ಯಾನು, ಕರೆಂಟು

ಕಲಬುರಗಿ ಮನೆ ಎಂದರೆ ನೆಲಕ್ಕೆ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಕಾಲಿಗೆ ತಂಪು, ಮೈಕಿಗೆ ಶತ್ರು. ನುಣ್ಣನೆಯ ಸುಣ್ಣಗಲ್ಲು ಸದ್ದನ್ನು ಹೀರುವುದೇ ಇಲ್ಲ, ಹಾಗೇ ವಾಪಸ್ ಎಸೆಯುತ್ತದೆ. ಮೇಲೆ ಆರ್‌ಸಿಸಿ ಸ್ಲ್ಯಾಬ್, ಕೆಳಗೆ ಕಲ್ಲು. ನಡುವೆ ಚಪ್ಪಾಳೆ ಹೊಡೆದರೆ ಟ್ರ್ರ್ ಅನ್ನುತ್ತದೆ. ಅಂಥ ಕೋಣೆಯಲ್ಲಿ ಲಕ್ಷದ ಮೈಕ್ ಇಡುವುದು ಮೂಗಿಗಿಂತ ಮೂಗುತಿ ಭಾರ. ಜಮಖಾನೆ ಹಾಸಿ, ಎರಡು ಗೋಡೆಗೆ ಕೌದಿ ಇಳಿಬಿಡಿ. ಅಜ್ಜಿಯಂದಿರು ಹಳೆ ಸೀರೆ ಪದರ ಪದರವಾಗಿ ಜೋಡಿಸಿ ಹೊಲಿದ ದಪ್ಪ ಕೌದಿ ಮೇಲಿನ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ತೂಗುಬಿಟ್ಟರೆ ಇನ್ನೂ ಸ್ವಲ್ಪ ಕೆಳಗಿನವರೆಗೂ ಕೆಲಸ ಮಾಡುತ್ತದೆ. ಗುಂ ಗುಂ ಅನ್ನುವ ಮಂದ್ರಕ್ಕೆ ಕೌದಿ ಏನೂ ಮಾಡಲಾರದು. ಅದಕ್ಕೆ ಆಂಪನ್ನು ಮೂಲೆಯಿಂದ ಹೊರಗೆ ತರುವುದೇ ಮೊದಲ ಮದ್ದು.

ಆಮೇಲೆ ಸಾಫ್ಟ್‌ವೇರಿನಲ್ಲಿ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕುವಾಗ ಕೈ ಬಿಗಿ ಇರಲಿ. ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಯನ್ನು ನೆನೆಸಿಕೊಳ್ಳಿ: 1367ರದ್ದು, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳ ಸೂರು. ಅಂಥ ಜಾಗದಲ್ಲಿ ಹಿಂದಿನ ಸದ್ದು ಹೋಗುವ ಮೊದಲೇ ಮುಂದಿನದು ಬಂದಿರುತ್ತದೆ. ಬಿಡಿ ಬಿಡಿ ಸ್ವರಕ್ಕೆ ಅದು ಚೆಂದ. ಮೀಂಡ್ ಎಂದರೆ ನಡುವಿನ ಶ್ರುತಿಗಳನ್ನೆಲ್ಲ ಹಾದುಹೋಗುವುದು. ಅವೆಲ್ಲ ಗಾಳಿಯಲ್ಲಿ ಉಳಿದರೆ ಹೊಸ ಸ್ವರದ ಜೊತೆ ಕಲಸಿಕೊಂಡು ಅಪಸ್ವರದ ಮಂಜು ಕವಿಯುತ್ತದೆ. ಸ್ಟೀಲ್ ಗಿಟಾರಿಗೆ ಹಾಡಿಗಿಂತ ಚಿಕ್ಕ ರಿವರ್ಬ್ ಸಾಕು.

ಮೇ ತಿಂಗಳಲ್ಲಿ 42–43 ಡಿಗ್ರಿ ಇರುವಾಗ ಫ್ಯಾನ್ ಆಫ್ ಮಾಡಿ ಎಂದರೆ ವಾದಕರು ಎದ್ದು ಹೋಗುತ್ತಾರೆ. ಕೂಲರಂತೂ ಮಾತೇ ಬೇಡ. ಟೇಕಿಗೆ ಮುಂಚೆ ಕೋಣೆ ತಣ್ಣಗೆ ಮಾಡಿಕೊಂಡು, ಹಾಡು ಹಿಡಿಯುವಷ್ಟು ಹೊತ್ತು ನಿಲ್ಲಿಸುವುದೇ ಉತ್ತಮ. ಆಗದಿದ್ದರೆ ಮೈಕಿನ ಕುರುಡು ದಿಕ್ಕನ್ನು ಬಳಸಿಕೊಳ್ಳಿ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಕೇಳಿಸುವುದಿಲ್ಲ. ತೊಡೆ ಮೇಲಿನ ಗಿಟಾರಿಗೆ ಮೇಲಿಂದ ಕೆಳಕ್ಕೆ ಇಟ್ಟಾಗ ಅದರ ಬೆನ್ನು ತಾನಾಗಿ ಸೀಲಿಂಗ್ ಫ್ಯಾನಿಗೆ ತಿರುಗಿರುತ್ತದೆ. ಆಂಪಿನ ಮುಂದೆ ನೆಟ್ಟಗೆ ನಿಲ್ಲಿಸಿದ ರಿಬ್ಬನ್ನಿಗೆ ಮುಂದೆ ಹಿಂದೆ ಎರಡೂ ಕೇಳುತ್ತದೆ, ಎರಡು ಪಕ್ಕ ಮತ್ತು ನೆತ್ತಿ ಕೇಳುವುದಿಲ್ಲ. ನೆತ್ತಿಯ ಮೇಲೆ ಫ್ಯಾನು, ಪಕ್ಕದಲ್ಲಿ ತಬಲಾ ಬರುವಂತೆ ಕೂರಿಸಿ. ತತ್ವಪದದವರಿಗೆ ಇದು ಹೇಳಿ ಮಾಡಿಸಿದ್ದು. ಅವರು ತಾಳ ತಟ್ಟುವ ಕ್ಲಿಕ್ ಟ್ರ್ಯಾಕ್ ಕೇಳುತ್ತ ಒಬ್ಬೊಬ್ಬರಾಗಿ ಹಾಡುವವರಲ್ಲ, ಒಬ್ಬರ ಮುಖ ಒಬ್ಬರು ನೋಡದಿದ್ದರೆ ಪದವೇ ಏಳುವುದಿಲ್ಲ. ಇಂಥ ಬೈಠಕ್‌ನಲ್ಲಿ ಗೋಡೆ ಕಟ್ಟುವ ಬದಲು ಕುರುಡು ದಿಕ್ಕುಗಳನ್ನು ಹೊಂದಿಸುವುದೇ ಮೇಲು.

ಇನ್ನು ಗುಂಯ್ ಸದ್ದು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಒಂದು ಆಂಟೆನಾ. ನಮ್ಮ ಕರೆಂಟಿನ 50 ಹರ್ಟ್ಜ್, ಅದರ 100, 150 ಎಲ್ಲ ಅದರಲ್ಲಿ ಕೇಳುತ್ತವೆ. ದುಡ್ಡು ಖರ್ಚಿಲ್ಲದ ಉಪಾಯ ಮೊದಲು: ನುಡಿಸುವವರ ಕುರ್ಚಿಯನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಯಾವುದೋ ಒಂದು ದಿಕ್ಕಿಗೆ ಗುಂಯ್ ಅರ್ಧಕ್ಕರ್ಧ ಇಳಿಯುತ್ತದೆ, ಅಲ್ಲೇ ಕೂರಿಸಿ. ಆಂಪಿನ ಟ್ರಾನ್ಸ್‌ಫಾರ್ಮರಿನಿಂದ ದೂರ ಕೂರಿಸಿ. ಚೋಕಿನ ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆಫ್ ಮಾಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದಿದ್ದರೆ, ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ, ಟೇಕ್ ನಿಲ್ಲಿಸಿ ಚಹಾ ಕುಡಿಯಿರಿ. ಅದರ ಚೌಕಾಕಾರದ ಅಲೆಯಲ್ಲಿ 50ರ ಮೂರರಷ್ಟು, ಐದರಷ್ಟು ಎಂಬ ಬೆಸಸಂಖ್ಯೆಯ ಅನುರಣನಗಳು ಕಿಲೊಹರ್ಟ್ಜ್‌ವರೆಗೆ ತುಂಬಿರುತ್ತವೆ, ಫಿಲ್ಟರಿನಿಂದ ಬಿಡಿಸಲಾಗುವುದಿಲ್ಲ. ಪ್ಯೂರ್ ಸೈನ್ ವೇವ್‌ನದಾದರೆ ನಡೆಯುತ್ತದೆ.

ಹಳೆ ಮನೆಗಳ ಎರಡು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗೇ ಇರುವುದಿಲ್ಲ. ಗುಂಯ್ ತಪ್ಪಿಸಲು ಆಂಪಿನ ಮೂರನೇ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒಂದು ಕೈ ಉಕ್ಕಿನ ರಾಡಿನ ಮೇಲೆ, ಇನ್ನೊಂದು ಕೈಗೆ ಲೋಹದ ಪಿಕ್, ತಂತಿಗಳು ಆಂಪಿನ ಅರ್ಥಿಗೆ ಸೇರಿವೆ. ಅರ್ಥ್ ಇಲ್ಲದ ಆಂಪಿನಲ್ಲಿ ದೋಷ ಬಂದರೆ ಶಾಕ್ ನೇರ ಎದೆಗೆ. ಡಿಐ ಬಾಕ್ಸಿನ ಮೇಲಿರುವ ‘ಗ್ರೌಂಡ್ ಲಿಫ್ಟ್’ ಗುಂಡಿ ಬೇರೆ, ಅದು ಆಡಿಯೊ ಕೇಬಲ್ಲಿನ ಶೀಲ್ಡ್ ಅನ್ನಷ್ಟೇ ಬಿಡಿಸುತ್ತದೆ. ಅದನ್ನು ಧೈರ್ಯವಾಗಿ ಒತ್ತಬಹುದು.

ಲೆವೆಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 24 ಬಿಟ್‌ನಲ್ಲಿ ಹಿಡಿಯಿರಿ, ಅತಿ ಜೋರಿನ ಮೀಟಿಗೂ ಮೀಟರ್ ಮೈನಸ್ 12 ಡೆಸಿಬಲ್ಲಿನ ಸುತ್ತ ನಿಂತರೆ ಸಾಕು. ಲೋಹದ ಪಿಕ್ಕಿನ ಮೊದಲ ಪೆಟ್ಟು ಮೀಟರಿಗಿಂತ ಚುರುಕು.

ದುಡ್ಡಿನ ಮಾತಿಗೆ ಬಂದರೆ, ಎಲೆಕ್ಟ್ರಿಕ್ ಹವಾಯಿಯನ್ ಹಿಡಿಯಬೇಕಾದವರು ಮೊದಲು ಒಂದು ಎಸ್‌ಎಂ57, ಗಟ್ಟಿ ಸ್ಟ್ಯಾಂಡು, ಒಳ್ಳೆಯ ಕೇಬಲ್ಲು ತಗೊಳ್ಳಿ. ಆಮೇಲೆ ಕೈಯಲ್ಲಿ ಉಳಿದರೆ ಅಗ್ಗದ ರಿಬ್ಬನ್. ಅಕೌಸ್ಟಿಕ್ ಹೆಚ್ಚು ಬರುವ ಕಡೆ ಪೆನ್ನಿನಂಥ ಕಂಡೆನ್ಸರ್ ಜೋಡಿ ಮೊದಲು. ಫ್ಯಾನಿನ ಸದ್ದು ನಿಲ್ಲಿಸದೆ ‘ಸ್ವಂತ ಸದ್ದು ಬರೀ 5 ಡೆಸಿಬಲ್’ ಎಂಬ ಮೈಕಿಗೆ ಹಣ ಸುರಿಯಬೇಡಿ, ಕೋಣೆಯ ಗದ್ದಲ ಅದರ ಎಷ್ಟೋ ಮೇಲಿರುತ್ತದೆ. ಒಂದು ಎಚ್ಚರ: ಎಸ್‌ಎಂ57, ಎಸ್‌ಎಂ58 ಹೆಸರಿನ ನಕಲಿ ಮೈಕುಗಳು ಪೇಟೆಯಲ್ಲಿ ಬಹಳ. ಅಸಲಿಯ ಬೆಲೆಯ ಕಾಲುಭಾಗಕ್ಕೆ ಕೊಡುತ್ತೇನೆ ಎಂದವರ ಬಳಿ ಬಿಲ್ಲು ಮತ್ತು ವಾರಂಟಿ ಕಾರ್ಡು ಕೇಳಿ. ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ.